ಅಸಲಪ್ಪನ ನಾಲ್ಕು ಗಂಟೆ

ನಗರಸಭೆಯ ಜನನ ಮರಣ ವಿಭಾಗದಲ್ಲಿ ಅವನಿಗೆ ಅಸಲಪ್ಪ ಎಂದು ಅಡ್ಡಹೆಸರು ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಕೌಂಟರಿನ ಕಿಂಡಿಯಲ್ಲಿ ಯಾರು ಯಾವ ಕಾಗದ ತೂರಿಸಿದರೂ ಅವನ ಬಾಯಿಂದ ಬರುವ ಮೊದಲ ಮಾತು ಒಂದೇ: "ಅಸಲು ಎಲ್ಲಿ?" ನಕಲು ಹಿಡಿದುಕೊಂಡು ಬಂದವರು ಅತ್ತು ಕರೆದರೂ, ದೊಡ್ಡವರಿಂದ ಫೋನು ಮಾಡಿಸಿದರೂ, ಜಪ್ಪಯ್ಯ ಅಂದರೂ ಅವನು ಜಗ್ಗುತ್ತಿರಲಿಲ್ಲ. ಹಾಗೆಂದು ಕೆಟ್ಟವನಲ್ಲ. ನಿಂತವರಿಗೆ ಕುರ್ಚಿ ತರಿಸುತ್ತಿದ್ದ, ಅರ್ಜಿ ಬರೆಯಲು ಬಾರದವರಿಗೆ ತಾನೇ ದುಂಡಗೆ ಬರೆದುಕೊಡುತ್ತಿದ್ದ. ಆದರೆ ಕಾಗದದಲ್ಲಿ ಇಲ್ಲದ್ದನ್ನು ಇದೆ ಎನ್ನುವುದು ಅವನಿಂದ ಆಗದ ಕೆಲಸ. ಒಮ್ಮೆ ಎಪ್ಪತ್ತು ದಾಟಿದ ಮುದುಕರೊಬ್ಬರಿಗೆ, "ನೀವು ಹುಟ್ಟಿಲ್ಲ ಅಂತ ನಾನೆಲ್ಲಿ ಹೇಳ್ದೆ ಯಜಮಾನ್ರೇ? ಹುಟ್ಟಿದ್ದಕ್ಕೆ ದಾಖಲೆ ಇಲ್ಲ ಅಂತಿದ್ದೀನಿ ಅಷ್ಟೆ" ಎಂದಿದ್ದ. ಮುದುಕರು ತಮ್ಮನ್ನೇ ಒಮ್ಮೆ ಮುಟ್ಟಿ ನೋಡಿಕೊಂಡು ಹೋದರಂತೆ.

ಅವನ ಹಿಂದೆ ದಾಖಲೆ ಕೋಣೆ. ಕಬ್ಬಿಣದ ಅಟ್ಟಣಿಗೆಗಳು, ಬಟ್ಟೆಯ ಬೆನ್ನಿನ ದಪ್ಪ ರಿಜಿಸ್ಟರುಗಳು, ಒಂದು ಗಾಲಿ ಅಲ್ಲಾಡುವ ಏಣಿ. ಅಲ್ಲಿನ ಕಾನೂನು ಒಂದೇ: ಅಸಲು ಹೊಸ್ತಿಲು ದಾಟಕೂಡದು, ಹೊರಗೆ ಹೋಗುವುದೇನಿದ್ದರೂ ನಕಲು. ಈ ಕಾನೂನನ್ನು ಅವನು ಮನೆಗೂ ಹೊತ್ತು ತಂದಿದ್ದ. ಫ್ರಿಜ್ಜಿನ ಗ್ಯಾರಂಟಿ ಕಾರ್ಡು, ಅತ್ತೆಯ ಮಾತ್ರೆ ಚೀಟಿ, ಎಲ್ಲದರ ಅಸಲೂ ಕಪಾಟಿನ ಫೈಲಿನಲ್ಲಿ. ಕೈಯಲ್ಲಿ ಓಡಾಡುವುದು ನಕಲು. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಪರದೆ, ದಿಂಬಿನ ಕವರು ಹೊಲಿಯುತ್ತಿದ್ದಳು. ಬಂದ ಗಿರಾಕಿಗಳಿಗೆಲ್ಲ ಅವಳು ಹೇಳುತ್ತಿದ್ದ ಕತೆಯೊಂದಿತ್ತು. "ಮದುವೆಗೆ ಮುಂಚೆ ನಾನು ಬರೆದ ಕಾಗದಗಳನ್ನ ಇವರು ಕೈಯಲ್ಲೇ ನಕಲು ಮಾಡ್ಕೊಂಡು, ಆ ನಕಲನ್ನ ಓದ್ತಿದ್ರಂತೆ. ಯಾಕೆ ಗೊತ್ತಾ? ಅಸಲು ಸವೆದುಹೋಗುತ್ತಂತೆ!" ಹೇಳುವಾಗ ಮೂಗು ಮುರಿಯುತ್ತಿದ್ದಳು. ಆದರೆ ಹೇಳದೆ ಬಿಟ್ಟ ದಿನವಿಲ್ಲ.

ಇಂಥ ಕುರ್ಚಿಯ ಮನುಷ್ಯ ಓಟಕ್ಕೆ ಬಿದ್ದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಬೀಳಿಸಿದವನು ಅವರ ಮನೆಯಿದ್ದ ಕಟ್ಟಡದ ಕೆಳಗಿನ ಕಟಿಂಗ್ ಶಾಪಿನವನು. ಊರಿಗೆಲ್ಲ ಕೂದಲು ಕತ್ತರಿಸುವ ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಕಾಲುಗಳು ಮಾತ್ರ ಇಪ್ಪತ್ತರ ಪ್ರಾಯದವು. ಒಂದು ಭಾನುವಾರ ಕುರ್ಚಿಯಲ್ಲಿ ಕೂತ ಗುಮಾಸ್ತನಿಗೆ ಬಿಳಿ ಬಟ್ಟೆ ಹೊದಿಸಿ ಅವನು ನಿಟ್ಟುಸಿರು ಬಿಟ್ಟ. "ಸಾಹೇಬ್ರೇ, ನಿಮ್ಮ ಹೊಟ್ಟೆಗೆ ನನ್ನ ಬಟ್ಟೆ ಸಾಲ್ತಾ ಇಲ್ಲ. ನಾಳೆಯಿಂದ ನನ್ನ ಜೊತೆ ಬರ್ತೀರೋ, ಇಲ್ಲ ಎರಡು ಬಟ್ಟೆ ಜೋಡಿಸಿ ಹೊಲ್ಸಲೋ?" ಅಸಲಪ್ಪನಿಗೆ ಅವಮಾನವಾಯಿತು. ಮರುದಿನ ಬೆಳಗ್ಗೆ ಐದಕ್ಕೆ ಆಫೀಸಿನ ಶೂ ಹಾಕಿಕೊಂಡೇ ಕೆಳಗಿಳಿದ.

ಮೊದಮೊದಲು ಮನೆಯವರಿಗೆ ಇದು ತಮಾಷೆಯ ವಸ್ತು. ಎದುರು ಮನೆಯಾಕೆ ಒಂದು ದಿನ ಅತ್ತೆಯನ್ನು "ಎಲ್ಲಿ, ಅಳಿಯಂದ್ರು ಕಾಣ್ಸಲ್ಲ?" ಎಂದು ಕೇಳಿದಳು. ಅತ್ತೆಗೆ ಕಿವಿ ಸ್ವಲ್ಪ ಮಂದ, ಮಾತು ಬಹಳ ನೇರ. "ಓಡಿಹೋದ್ರು" ಎಂದು ಬಾಗಿಲು ಹಾಕಿಕೊಂಡರು. ಒಂದು ವಾರ ಅಕ್ಕಪಕ್ಕದವರು ಹೆಂಡತಿಯ ಕೈ ಹಿಡಿದು ಸಮಾಧಾನ ಹೇಳಿದ್ದೇ ಹೇಳಿದ್ದು. ಅತ್ತೆಯ ಇನ್ನೊಂದು ತಪ್ಪು ತಿಳುವಳಿಕೆಯನ್ನು ಯಾರೂ ತಿದ್ದಲಾಗಲಿಲ್ಲ. ಓಟದ ಗೆಳೆಯರು ತಮ್ಮ ಜೀವನದ ಅತ್ಯುತ್ತಮ ಸಮಯಕ್ಕೆ ಪಿಬಿ ಎನ್ನುತ್ತಿದ್ದರು. ಅಸಲಪ್ಪ ಅಚ್ಚುಕಟ್ಟಾಗಿ "ಸ್ವಂತ ದಾಖಲೆ" ಎನ್ನುತ್ತಿದ್ದ. ಅಳಿಯನ ಯಾವುದೋ ಸ್ವಂತ ದಾಖಲೆ ಕಳೆದುಹೋಗಿದೆ, ಅದನ್ನು ಹುಡುಕಲು ದಿನಾ ಬೆಳಗ್ಗೆ ಓಡಾಡುತ್ತಿದ್ದಾನೆ ಎಂದು ಅತ್ತೆ ತಿಳಿದರು. "ಮನೆಪತ್ರಾನೇನೋ ಪಾಪ" ಎಂದು ಮರುಗುತ್ತಿದ್ದರು.

ಆ ದಾಖಲೆ ನಾಲ್ಕು ಗಂಟೆ, ಸೊನ್ನೆ ನಿಮಿಷ, ನಲವತ್ತೊಂದು ಸೆಕೆಂಡು. ನಗರದಲ್ಲಿ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಮ್ಯಾರಥಾನಿನಲ್ಲಿ, ಎರಡನೇ ಸಲ ಓಡಿದಾಗ ಬಂದದ್ದು. ನಲವತ್ತೆರಡು ಕಿಲೋಮೀಟರು, ಮೇಲೆ ಇನ್ನೂರು ಚಿಲ್ಲರೆ ಮೀಟರು. ಆ ನಲವತ್ತೊಂದು ಸೆಕೆಂಡು ಎಲ್ಲಿ ಹೋಯಿತೆಂದು ಅವನಿಗೆ ಚೆನ್ನಾಗಿ ಗೊತ್ತು. ಕೊನೆಯ ನೀರಿನ ಮೇಜಿನ ಬಳಿ ಎಲ್ಲರೂ ಕುಡಿದ ಲೋಟವನ್ನು ರಸ್ತೆಗೆ ಎಸೆದು ಓಡುತ್ತಿದ್ದರೆ ಇವನು ಕಸದ ಬುಟ್ಟಿ ಹುಡುಕುತ್ತಾ ನಿಂತಿದ್ದ. ಆಮೇಲಿನ ಎರಡು ವರ್ಷವೂ ನಾಲ್ಕು ಗಂಟೆಯ ಒಳಗೆ ನುಗ್ಗಲು ಹೆಣಗಿದ. ಪ್ರತಿ ವರ್ಷವೂ ನಿಮಿಷಗಳು ಹಿಗ್ಗಿದವೇ ಹೊರತು ಕುಗ್ಗಲಿಲ್ಲ.

ಎರಡು ವರ್ಷದ ಹಿಂದೆ ತಮಾಷೆ ಮುಗಿಯಿತು. ಬಿಸಿಲಿನಲ್ಲಿ ಮೂವತ್ತು ಕಿಲೋಮೀಟರು ಅಭ್ಯಾಸ ಮಾಡಿ ಬರುವಾಗ ಸೇತುವೆಯ ಮೇಲೆ ಕುಸಿದು ಬಿದ್ದ. ಗುರುತಿಲ್ಲದ ಯಾರೋ ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಹೊಲಿಗೆ ಯಂತ್ರವನ್ನು ಹಾಗೇ ಬಿಟ್ಟು ಓಡಿ ಬಂದು, ಕಾರಿಡಾರಿನ ಬೆಂಚಿನಲ್ಲಿ ಐದು ಗಂಟೆ ಕೂತಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದೂ ಅವಳಿಗೆ ತಿಳಿದಿರಲಿಲ್ಲ. ಹೃದಯಕ್ಕೇನೂ ಆಗಿಲ್ಲ, ನೀರು ಉಪ್ಪು ಕಡಿಮೆಯಾಗಿದೆ, ಎಚ್ಚರಿಕೆಯಿಂದ ಓಡಬಹುದು ಎಂದರು ವೈದ್ಯರು. ಅವಳ ಕಿವಿಗೆ "ಓಡಬಹುದು" ಎಂಬುದು ಬೀಳಲೇ ಇಲ್ಲ. ಮನೆಗೆ ಬಂದ ಮೇಲೆ ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

"ಸಾಕು ರೀ. ನಂಗೆ ಆ ಬೆಂಚಲ್ಲಿ ಇನ್ನೊಂದ್ಸಲ ಕೂರೋಕಾಗಲ್ಲ."

"ಒಂದೇ ಒಂದ್ಸಲ ನಾಲ್ಕು ಗಂಟೆ ಒಳಗೆ ಬಂದ್ಬಿಡ್ತೀನಿ ಕಣೇ. ಬಂದ ದಿನ ಶೂ ಬಿಚ್ಚಿಟ್ರೆ ಮತ್ತೆ ಮುಟ್ಟಲ್ಲ."

"ಮಾತು?"

"ಮಾತು."

ಆ ವರ್ಷ ಅವಳು ಅವನನ್ನು ಮ್ಯಾರಥಾನಿನ ಕಡೆಗೇ ಬಿಡಲಿಲ್ಲ. ಅದರಾಚೆಯ ವರ್ಷ ಓಡಿದ. ನಾಲ್ಕು ಗಂಟೆ ಒಂಬತ್ತು ನಿಮಿಷ. ಈ ವರ್ಷ ಐವತ್ತನಾಲ್ಕು ತುಂಬಿತು. ಒಳಗೊಳಗೆ ಅವನಿಗೊಂದು ಪೀಕಲಾಟ ಇತ್ತು. ನಾಲ್ಕು ಗಂಟೆ ಒಡೆಯಬೇಕೆಂಬ ಹಟ ಎಷ್ಟಿತ್ತೋ, ಒಡೆದ ಮರುದಿನದ ಬೆಳಗನ್ನು ನೆನೆದರೆ ಅಷ್ಟೇ ಸಂಕಟ. ಕಿಂಡಿಯ ಹಿಂದೆ ಇಡೀ ದಿನ ಇಲ್ಲ ಇಲ್ಲ ಎನ್ನುವ ಮನುಷ್ಯನಿಗೆ ಬೆಳಗಿನ ಆ ಒಂದು ಗಂಟೆಯಲ್ಲಿ ಮಾತ್ರ ಯಾರಿಗೂ ಏನೂ ಇಲ್ಲವೆನ್ನುವ ಪ್ರಮೇಯವಿರಲಿಲ್ಲ. ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ.

ಓಟಕ್ಕೆ ಎರಡು ದಿನ ಮುಂಚೆ ಎದೆಗೆ ಚುಚ್ಚಿಕೊಳ್ಳುವ ಸಂಖ್ಯೆಯ ಚೀಟಿ ಬಂತು. ಜೊತೆಗೆ ಹದಿನಾಲ್ಕು ಸೂಚನೆಗಳ ಹಾಳೆ. ಸೂಚನೆ ಓದುವುದೆಂದರೆ ಅಸಲಪ್ಪನಿಗೆ ಹಬ್ಬ. ಮೂರನೆಯದು: "ಚೀಟಿಯನ್ನು ಮಡಚಬೇಡಿ, ಒದ್ದೆ ಮಾಡಬೇಡಿ, ಜೋಪಾನವಾಗಿಡಿ." ಒಂಬತ್ತನೆಯದು: "ಸಮಯ ಪಟ್ಟಿ ಚೀಟಿಯ ಹಿಂಭಾಗದಲ್ಲಿದೆ." ತಿರುಗಿಸಿ ನೋಡಿದ. ಬಾಗಿಲು ತೆರೆಯುವುದು ಎಷ್ಟಕ್ಕೆ, ಓಟ ಶುರುವಾಗುವುದು ಎಷ್ಟಕ್ಕೆ ಎಂದು ಅಲ್ಲಿ ನಿಜಕ್ಕೂ ಒಂದು ಪಟ್ಟಿ ಇತ್ತು. ಅದರ ಕೆಳಗೆ ಹೊಳೆಯುವ ತೆಳು ತಗಡಿನದೊಂದು ಪಟ್ಟಿ ಅಂಟಿತ್ತು. ಓಟಗಾರ ಗೆರೆ ದಾಟಿದ್ದನ್ನು ಯಂತ್ರಕ್ಕೆ ತಿಳಿಸುವ ಸಮಯ ಪಟ್ಟಿ ಅದೇ. ಹಿಂದಿನ ವರ್ಷಗಳಲ್ಲಿ ಅಂಥದ್ದನ್ನು ಬೇರೆಯಾಗಿ ಶೂಗೆ ಕಟ್ಟಿಕೊಳ್ಳಲು ಕೊಡುತ್ತಿದ್ದರು. ಈ ಸಲ ಪದ್ಧತಿ ಬದಲಾಗಿತ್ತು. ನಮ್ಮವನು ಮೇಲಿನ ಪಟ್ಟಿಯನ್ನು ಸಮಯ ಪಟ್ಟಿ ಎಂದುಕೊಂಡ, ಕೆಳಗಿನ ಪಟ್ಟಿಯನ್ನು ನಕಲಿ ಚೀಟಿ ತಡೆಯಲು ಹಾಕಿದ ಮುದ್ರೆ ಎಂದುಕೊಂಡ. ಮುದ್ರೆ ಇದೆಯೆಂದರೆ ಇದು ಅಸಲು. ಅಸಲನ್ನು ಬೆವರಿನಲ್ಲಿ ನೆನೆಸುವುದುಂಟೇ? ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಬಣ್ಣದ ನಕಲು ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಆಫೀಸಿನ ಪಂಚಿನಲ್ಲಿ ನಾಲ್ಕು ಮೂಲೆಗೂ ತೂತು ಹೊಡೆದ. ಅಸಲು ಕಪಾಟಿನ ಫೈಲು ಸೇರಿತು.

ಓಟದ ಬೆಳಗ್ಗೆ ಸಾಲಿನಲ್ಲಿ ಕಟಿಂಗ್ ಶಾಪಿನವನು ಅವನ ಎದೆ ನೋಡಿ ನಕ್ಕ. "ಪ್ಲಾಸ್ಟಿಕ್ ಬೇರೆ ಹಾಕ್ಸಿದೀರಾ? ಮಳೆ ಬಂದ್ರೂ ನೀವು ನೆನೀತೀರಿ, ನಂಬರು ನೆನೆಯಲ್ಲ ಬಿಡಿ." ನಕ್ಕು ಶೌಚಾಲಯದ ಸಾಲಿಗೆ ಓಡಿದ. ಪಿಸ್ತೂಲು ಢಂ ಎಂದಿತು. ಸಾವಿರಾರು ಜನ, ಅಸಲಪ್ಪ ಆರಂಭದ ಗೆರೆ ಮುಟ್ಟುವಷ್ಟರಲ್ಲಿ ಎರಡು ನಿಮಿಷ ಇಪ್ಪತ್ತು ಸೆಕೆಂಡು ಕಳೆದಿತ್ತು. ಅದರಿಂದ ನಷ್ಟವೇನಿಲ್ಲ, ಪ್ರತಿಯೊಬ್ಬನ ಲೆಕ್ಕವೂ ಅವನು ಗೆರೆ ದಾಟಿದಾಗಿನಿಂದಲೇ. ಅಲ್ಲಿ ತನ್ನ ಹಳೆಯ ಕೈಗಡಿಯಾರದ ಗುಂಡಿ ಒತ್ತಿದ. ಗೆಳೆಯ ಇನ್ನೂ ಒಂದು ನಿಮಿಷ ಇಪ್ಪತ್ತು ಸೆಕೆಂಡು ತಡವಾಗಿ ಹೊರಟು, ಹತ್ತನೇ ಕಿಲೋಮೀಟರಿನಲ್ಲಿ ಏದುಸಿರು ಬಿಡುತ್ತಾ ಬಂದು ಸೇರಿಕೊಂಡ.

ಆ ದಿನ ಕಾಲುಗಳಿಗೆ ಏನಾಗಿತ್ತೋ. ಕಿಲೋಮೀಟರಿಗೆ ಐದು ನಿಮಿಷ ನಲವತ್ತು ಸೆಕೆಂಡು, ಹೆಚ್ಚಿಲ್ಲ ಕಡಿಮೆಯಿಲ್ಲ. ಬ್ಯಾಂಕುಗಳ ಬೀದಿ ಹೋಯಿತು, ಮೀನು ಮಾರುಕಟ್ಟೆಯ ವಾಸನೆ ಹೋಯಿತು, ತಾನು ಕುಸಿದಿದ್ದ ಸೇತುವೆಯೂ ಹಿಂದೆ ಹೋಯಿತು. ನೀರಿನ ಮೇಜುಗಳಲ್ಲಿ ಕಣ್ಣು ಮುಚ್ಚಿ ಲೋಟವನ್ನು ರಸ್ತೆಗೆ ಎಸೆದ. ಎಸೆದಾಗಲೆಲ್ಲ "ತಪ್ಪಾಯ್ತು" ಎಂದು ಗೊಣಗಿದ್ದು ಗೆಳೆಯನಿಗೆ ಮಾತ್ರ ಕೇಳಿಸಿತು. ಮೂವತ್ತೈದರ ನಂತರ ತೊಡೆಗಳು ಬಂಡಾಯ ಎದ್ದವು. ಹಲ್ಲು ಕಚ್ಚಿ ಓಡಿದ.

ನಲವತ್ತನೇ ಕಿಲೋಮೀಟರು ದೊಡ್ಡ ಉದ್ಯಾನದ ಒಂದು ಬದಿಗಿತ್ತು. ಉದ್ಯಾನ ಸುತ್ತಿ ಬಂದರೆ ಇನ್ನೊಂದು ಬದಿಯಲ್ಲಿ ಗುರಿ. ಅಲ್ಲಿ ಹಗ್ಗದ ಪಕ್ಕ ಹೆಂಡತಿ ನಿಂತಿದ್ದಳು. ಅವನ ಗಡಿಯಾರ ಮೂರು ಗಂಟೆ ನಲವತ್ತೇಳು ನಿಮಿಷ ತೋರಿಸುತ್ತಿತ್ತು. ಹದಿಮೂರು ನಿಮಿಷ ಕೈಯಲ್ಲಿದೆ. ಆಗುತ್ತದೆ ಎಂದು ಅವನಿಗೂ ತಿಳಿಯಿತು, ಕೈಯಲ್ಲಿದ್ದ ಫೋನಿನಲ್ಲಿ ಗಂಟೆ ನೋಡಿ ಅವಳಿಗೂ ತಿಳಿಯಿತು.

"ಆಗುತ್ತೆ ರೀ! ಬಿಡ್ಬೇಡಿ, ಓಡಿ!"

ಅವನಿಗೆ ಕೊಟ್ಟ ಮಾತು ನೆನಪಾಯಿತು. ಇದೇ ಕೊನೆ. ಇನ್ನು ಎರಡು ಕಿಲೋಮೀಟರು ಮುಗಿದರೆ ಶೂ ಬಿಚ್ಚಿಡಬೇಕು. ಸ್ವಲ್ಪ ನಿಧಾನಿಸಿದರೆ? ಮಂಡಿ ಹಿಡಿಯಿತೆಂದರೆ ಯಾರು ಕೇಳುತ್ತಾರೆ? ಇನ್ನೊಂದು ವರ್ಷ ಸಿಗುತ್ತದೆ, ಮುನ್ನೂರು ಬೆಳಗುಗಳು ಸಿಗುತ್ತವೆ. ಹತ್ತು ಹೆಜ್ಜೆ ನಿಜಕ್ಕೂ ನಿಧಾನಿಸಿದ. "ಏನ್ ಸಾಹೇಬ್ರೇ, ಏನಾಯ್ತು?" ಎಂದ ಪಕ್ಕದವನು. ಅಸಲಪ್ಪ ಉತ್ತರ ಕೊಡಲು ಬಾಯಿ ತೆರೆದ, ಮಂಡಿ ಎಂಬ ಮಾತು ಹೊರಗೆ ಬರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ನಮೂದು ಬರೆದವನಲ್ಲ. "ಏನಿಲ್ಲ, ನಡಿ" ಎಂದವನೇ ಇದ್ದಬದ್ದ ಜೀವವನ್ನೆಲ್ಲ ಕಾಲಿಗೆ ತಂದು ಓಡಿದ. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಗೆರೆ ದಾಟಿದರು. ಗುಂಡಿ ಒತ್ತಿ ನೋಡಿದ: ಮೂರು ಗಂಟೆ, ಐವತ್ತೊಂಬತ್ತು ನಿಮಿಷ, ಹನ್ನೊಂದು ಸೆಕೆಂಡು. ಉದ್ಯಾನದ ನಡುವಿನಿಂದ ಅಡ್ಡಹಾದು ಬಂದ ಹೆಂಡತಿ ಜನರನ್ನು ತಳ್ಳಿಕೊಂಡು ಬಂದು ಅವನ ಬೆವರಿನ ಮುಖವನ್ನು ಸೆರಗಿಲ್ಲದೆ, ಟವೆಲ್ಲಿಲ್ಲದೆ ಬರಿಗೈಯಲ್ಲೇ ಒರೆಸಿದಳು. ಇಬ್ಬರೂ ಅತ್ತರು.

ಫಲಿತಾಂಶದ ಹಲಗೆಯಲ್ಲಿ ಅವನ ಹೆಸರಿರಲಿಲ್ಲ.

ವಿಚಾರಣೆಯ ಮೇಜಿನ ಹಿಂದೆ ದಪ್ಪ ಕನ್ನಡಕದ, ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಅವನ ಎದೆಯ ಚೀಟಿಯನ್ನು ತಿರುವಿ ಹಾಕಿ, ಉಗುರಿನಿಂದ ಪ್ಲಾಸ್ಟಿಕ್ ಕೆರೆದು, ಕನ್ನಡಕದ ಮೇಲಿನಿಂದ ನೋಡಿದಳು.

"ಇದು ನಕಲು. ಅಸಲು ಎಲ್ಲಿ?"

ಕಟಿಂಗ್ ಶಾಪಿನವನು ನಗು ತಡೆಯಲಾರದೆ ಅತ್ತ ತಿರುಗಿದ. ಅಸಲಪ್ಪ ಎದೆಯ ಚೀಟಿ ನೇರ ಮಾಡಿಕೊಂಡ. "ಮನೇಲಿದೆ ಮೇಡಂ. ಜೋಪಾನವಾಗಿದೆ."

"ಸಮಯ ಪಟ್ಟಿ ಹಿಂದಿದೆ ಅಂತ ಬರೆದಿತ್ತಲ್ಲ?"

"ಓದಿದೆ ಮೇಡಂ. ಆ ಪಟ್ಟಿ ಈ ಪಟ್ಟಿ ಅಂತ ಗೊತ್ತಾಗ್ಲಿಲ್ಲ."

ಆಕೆಗೂ ಪಾಪ ಅನ್ನಿಸಿತು. ಕೈಗಡಿಯಾರ ಒಪ್ಪುವ ಹಾಗಿಲ್ಲ ಎಂದಳು. ಅವರು ಗೆರೆ ದಾಟುವಾಗ ಹೆಂಡತಿ ತೆಗೆದಿದ್ದ ಫೋಟೋ ತೋರಿಸಿದರೆ, ಅದರಲ್ಲಿ ಗುರಿಯ ಮೇಲಿದ್ದ ದೊಡ್ಡ ಗಡಿಯಾರ ಪಿಸ್ತೂಲಿನ ಲೆಕ್ಕದಲ್ಲಿ ನಾಲ್ಕು ಗಂಟೆ ಒಂದು ನಿಮಿಷ ತೋರಿಸುತ್ತಿತ್ತು. ಕೊನೆಗೆ ಆಕೆಯೇ ಒಂದು ದಾರಿ ಹುಡುಕಿದಳು. "ನೀವಿಬ್ಬರೂ ಒಟ್ಟಿಗೇ ಬಂದಿದ್ದು ಫೋಟೋದಲ್ಲಿ ಕಾಣುತ್ತೆ. ಇವರದು ಮೂರು ಐವತ್ತೇಳು ಐವತ್ತೊಂದು. ಅದನ್ನೇ ನಿಮಗೂ ಹಾಕಿಬಿಡ್ತೀನಿ. ಅದಕ್ಕೆ ನನಗೆ ಅಧಿಕಾರ ಇದೆ."

"ಹಾಕ್ಸಿ ಹಾಕ್ಸಿ" ಎಂದು ಗೆಳೆಯ ಪಕ್ಕೆಗೆ ತಿವಿದ.

"ಅದು ಅವರ ಟೈಮು ಮೇಡಂ. ಅವರು ನನಗಿಂತ ಒಂದು ನಿಮಿಷ ಇಪ್ಪತ್ತು ಸೆಕೆಂಡು ತಡವಾಗಿ ಹೊರಟಿದ್ದು. ನಂದು ಮೂರು ಐವತ್ತೊಂಬತ್ತು ಹನ್ನೊಂದು. ಅದನ್ನ ಹಾಕಿ."

"ಅದಕ್ಕೆ ದಾಖಲೆ ಇಲ್ವಲ್ಲ ಸಾರ್."

"ಹಾಗಾದ್ರೆ ಏನೂ ಹಾಕ್ಬೇಡಿ."

ತಲೆ ತಗ್ಗಿಸಿ ಹೊರಟ ಗಂಡನ ಹಿಂದೆ ಹೆಂಡತಿ ನಡೆದಳು. ಸಿಟ್ಟು ಬಂದಿತ್ತು, ಅಯ್ಯೋ ಅನ್ನಿಸಿತ್ತು, ಇಂಥವನನ್ನು ಕಟ್ಟಿಕೊಂಡೆನಲ್ಲ ಎಂಬ ಹೆಮ್ಮೆಯೂ ಬಂದಿತ್ತು. ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೇಳಿದರು, "ದಾಖಲೆ ಸಿಕ್ತೇನಪ್ಪಾ?" ಅವನು ಶೂ ಬಿಚ್ಚಿ, ಒರೆಸಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಕಪಾಟಿನ ಮೇಲಿಟ್ಟ.

ಮುಂದಿನ ಮೂರು ವಾರ ಆ ಮನೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಗುವ ಮನುಷ್ಯನಿಗೆ ಏನಾದರೂ ಕೆಲಸ ಬೇಕಲ್ಲ? ದಿಂಬಿನ ಕವರುಗಳಿಗೆ ಕ್ರಮಸಂಖ್ಯೆ ಹಾಕಿದ. ದಾರದ ಉಂಡೆಗಳಿಗೆ ರಿಜಿಸ್ಟರು ಮಾಡಿದ. ಅತ್ತೆ ತಾವು ನುಂಗಿದ ಒಂದೊಂದು ಮಾತ್ರೆಗೂ ಸಹಿ ಮಾಡಬೇಕಾಯಿತು. ಅದನ್ನೆಲ್ಲ ಹೆಂಡತಿ ಹೊಟ್ಟೆಗೆ ಹಾಕಿಕೊಂಡಳು. ಅವಳಿಗೆ ತಡೆಯಲಾಗದ್ದು ಬೇರೆ. ಅವನು ಜಗಳವಾಡಲಿಲ್ಲ, ಕಪಾಟಿನ ಮೇಲಿನ ಡಬ್ಬಿಯ ಕಡೆ ಒಮ್ಮೆಯೂ ನೋಡಲಿಲ್ಲ. ಊಟಕ್ಕೆ ಕರೆದರೆ ಬಂದ, ಮಲಗಿ ಎಂದರೆ ಮಲಗಿದ.

ನಾಲ್ಕನೇ ಭಾನುವಾರ ಬೆಳಗ್ಗೆ ಅವಳು ಎದ್ದು ದೀಪ ಹಾಕಿದಳು. ಅವನು ಸೂರು ನೋಡುತ್ತಾ ಮಲಗಿದ್ದ.

"ಏಳ್ರಿ. ಹೋಗಿ ಓಡ್ಕೊಂಡು ಬನ್ನಿ."

"ಮಾತು ಕೊಟ್ಟಿದ್ದೀನಲ್ಲೇ."

"ಏನಂತ ಕೊಟ್ಟಿದ್ರಿ?"

"ನಾಲ್ಕು ಗಂಟೆ ಒಳಗೆ ಬಂದ್ರೆ ಬಿಡ್ತೀನಿ ಅಂತ."

"ಬಂದಿದ್ದಕ್ಕೆ ದಾಖಲೆ ಎಲ್ಲಿದೆ? ತೋರಿಸಿ."

ಅವನು ಎದ್ದು ಕೂತ. "ನೀನೇ ನೋಡಿದ್ದೀಯಲ್ಲೇ. ನಿನ್ನ ಕಣ್ಣೆದುರಿಗೆ ತಾನೇ ಬಂದಿದ್ದು?"

"ನೀವು ಬಂದಿಲ್ಲ ಅಂತ ನಾನೆಲ್ಲಿ ಹೇಳ್ದೆ? ದಾಖಲೆ ಇಲ್ಲ ಅಂತಿದ್ದೀನಿ ಅಷ್ಟೆ."

ಮೂವತ್ತು ವರ್ಷ ಕಿಂಡಿಯ ಹಿಂದೆ ಕೂತವನು ಈಗ ಕಿಂಡಿಯ ಮುಂದೆ ನಿಂತಂತಾಗಿತ್ತು. ಅವಳು ನಗುತ್ತಿದ್ದಾಳೆಂದುಕೊಂಡು ಮುಖ ನೋಡಿದ. ನಗುತ್ತಿರಲಿಲ್ಲ.

"ನಂಗೆ ಈಗ್ಲೂ ಭಯಾನೇ ರೀ. ಆ ಬೆಂಚು ಕನಸಲ್ಲಿ ಬರುತ್ತೆ. ಆದ್ರೆ ಆ ನಲವತ್ತನೇ ಕಿಲೋಮೀಟರಲ್ಲಿ ನಿಮ್ಮ ಮುಖ ನೋಡ್ದೆ. ಮದುವೆ ದಿನಾನೂ ನೀವು ಅಷ್ಟು ಖುಷಿಯಾಗಿರ್ಲಿಲ್ಲ, ಹೊಟ್ಟೆ ಉರೀತು. ಆಮೇಲೆ ನಾನು ಓಡಿ ಅಂದ್ಮೇಲೆ ಒಂದು ಗಳಿಗೆ ನಿಧಾನ ಮಾಡಿದ್ರಿ, ಅದನ್ನೂ ನೋಡ್ದೆ. ಯಾಕೆ ಅಂತ ಮೂರು ವಾರ ಯೋಚನೆ ಮಾಡ್ದೆ." "ಆ ಮುಖಾನ ಡಬ್ಬಿಗೆ ಹಾಕಿ ಕಪಾಟಿನ ಮೇಲಿಡೋಕೆ ನನ್ ಕೈಲಾಗಲ್ಲ. ಒಂದೇ ಷರತ್ತು. ದೂರ ಹೋಗೋ ಹಾಗಿಲ್ಲ. ನಂಗೆ ಕಿಟಕಿಯಿಂದ ಕಾಣೋ ಹಾಗೆ ಓಡ್ಬೇಕು."

ಕೆಳಗೆ ಕಟಿಂಗ್ ಶಾಪಿನವನು ಆಗಲೇ ಕಾಯುತ್ತಿದ್ದ. ಅವನಿಗೆ ಹಿಂದಿನ ದಿನವೇ ಹೇಳಿ ಕಳಿಸಿದ್ದಳು. ಇಬ್ಬರೂ ತಮ್ಮ ಕಟ್ಟಡವಿದ್ದ ಸಾಲನ್ನೇ ಸುತ್ತತೊಡಗಿದರು. ಒಂದು ಸುತ್ತಿಗೆ ನಾನೂರು ಮೀಟರು. ಬೇಕರಿಯ ಬಾಗಿಲು, ಔಷಧಿ ಅಂಗಡಿ, ಸಾಲಾಗಿ ನಿಲ್ಲಿಸಿದ ಸೈಕಲ್ಲು, ಮತ್ತೆ ಬೇಕರಿಯ ಬಾಗಿಲು. "ತಲೆ ತಿರುಗ್ತಾ ಇದೆ ಸಾಹೇಬ್ರೇ" ಎಂದು ಗೆಳೆಯ ಗೊಣಗಿದ. ಅಸಲಪ್ಪನಿಗೆ ಅದು ಕೇಳಿಸಲಿಲ್ಲ. ಮೂರು ವಾರ ಮಡಚಿಟ್ಟಿದ್ದ ಕಾಲುಗಳು ಬಿಗಿದಿದ್ದವು, ಕಣ್ಣು ಮಂಜಾಗಿತ್ತು. ಪ್ರತಿ ಸುತ್ತಿಗೂ ಮೂರನೇ ಮಹಡಿಯ ಕಿಟಕಿ ನೋಡಿದ. ಪ್ರತಿ ಸುತ್ತಿಗೂ ಅವಳು ಅಲ್ಲಿದ್ದಳು.

ಏಳನೇ ಸುತ್ತಿಗೆ ಕಿಟಕಿ ಖಾಲಿಯಿತ್ತು. ಅವನು ಓಟದ ವೇಗ ಹೆಚ್ಚಿಸಿ ಮೂಲೆ ತಿರುಗಿದ. ಹೆಂಡತಿ ಕೆಳಗಿನ ಬಾಗಿಲ ಮೆಟ್ಟಿಲ ಮೇಲೆ, ಮನೆಯ ಬಟ್ಟೆಯಲ್ಲೇ, ಬರಿಗಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ನೀರಿನ ಲೋಟವಿತ್ತು.

"ಅಲ್ಲಿಂದ ಬರೀ ತಲೆ ಕಾಣುತ್ತೆ ರೀ" ಎಂದಳು. "ಕುಡಿದು ಹೋಗಿ. ನಾನಿಲ್ಲೇ ಇರ್ತೀನಿ."